ಗೋಡೆಗಿಂತ ಮೊದಲು ರಂಗೋಲಿ

ಕಳೆದ ತಿಂಗಳು ನಮ್ಮ ಆಸ್ಪತ್ರೆಯಿಂದ ಇಬ್ಬರು ನಿವೃತ್ತರಾದರು. ಒಬ್ಬರು ಹೆಸರಾಂತ ಸರ್ಜನ್. ಅವರಿಗೆ ದೊಡ್ಡ ಹೋಟೆಲಿನಲ್ಲಿ ಊಟ, ಬೆಳ್ಳಿಯ ತಟ್ಟೆ, ಮೈಕಿನ ಮುಂದೆ ಐದಾರು ಭಾಷಣ. ಇನ್ನೊಬ್ಬರು ವಾರ್ಡ್ ಆಯಾ. ಅವರಿಗೆ ಕೆಂಗೇರಿ ಉಪನಗರದ ಶಾಖೆಯ ನೆಲಮಹಡಿಯಲ್ಲಿ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಕಾಗದದ ತಟ್ಟೆಯಲ್ಲಿ ಖಾರಾಬಾತು. ಆದರೆ ನಾಲ್ಕು ಶಾಖೆಗಳಿಂದ ಜನ ಶಿಫ್ಟ್ ಬದಲಾಯಿಸಿಕೊಂಡು ಬಂದು ತುಂಬಿಕೊಂಡದ್ದು ಈ ಎರಡನೆಯ ಸಮಾರಂಭಕ್ಕೆ. ಆ ಸರ್ಜನ್ ಕೂಡ ಬಂದಿದ್ದರು. ಬಾಗಿಲ ಬಳಿ ನಿಂತು ಎರಡು ತಟ್ಟೆ ಖಾರಾಬಾತು ತಿಂದರು.

ಆ ಆಯಾ ಅವರ ಹೆಸರನ್ನು ನಾನಿಲ್ಲಿ ಬರೆಯುವಂತಿಲ್ಲ. ‘ನನ್ ಬಗ್ಗೆ ಏನಾದ್ರೂ ಬರ್ಕೊಳಿ, ಹೆಸರು ಮಾತ್ರ ಹಾಕ್ಬೇಡಿ. ಬೀದಿಯೋರೆಲ್ಲ ಬಂದು ಬೆಡ್ ಕೊಡ್ಸಿ ಅಂತಾರೆ’ ಎಂದು ಬೆರಳು ತೋರಿಸಿ ಹೇಳಿದ್ದಾರೆ. ನಾಲ್ಕು ಶಾಖೆಗಳಲ್ಲೂ ಎಲ್ಲರಿಗೂ ಅವರು ಅಕ್ಕ. ಅಷ್ಟು ಸಾಕು.

ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಈ ಕಥೆಯಲ್ಲಿ ಪೆದ್ದನ ಪಾತ್ರ ನನ್ನದು. ಸಿವಿಲ್ ಡಿಪ್ಲೊಮಾ ಮುಗಿಸಿ ಈ ಆಸ್ಪತ್ರೆಯ ಕಟ್ಟಡ ವಿಭಾಗಕ್ಕೆ ಸೇರಿದೆ. ಸೋರುವ ತಾರಸಿ, ಕಟ್ಟಿಕೊಂಡ ಪೈಪು, ಬಿರುಕು ಬಿಟ್ಟ ಗೋಡೆ, ಎಲ್ಲವೂ ನನ್ನ ಪಾಲಿಗೆ. ನಾನು ಸೇರುವ ಹೊತ್ತಿಗಾಗಲೇ ಆಸ್ಪತ್ರೆ ಒಂದರಿಂದ ಎರಡಾಗಿತ್ತು. ಮೊದಲನೆಯದು ರಾಜಾಜಿನಗರದಲ್ಲಿ, ಹಳೆಯ ಮನೆಯೊಂದರಲ್ಲಿ ನಡೆಯುತ್ತಿದ್ದ ಎಂಟು ಮಂಚದ ನರ್ಸಿಂಗ್ ಹೋಮ್. ಹಾಲೇ ವಾರ್ಡು, ಅಡುಗೆಮನೆಯೇ ಲ್ಯಾಬು, ಪಡಸಾಲೆಯಲ್ಲಿ ಆಸ್ಪತ್ರೆ ಶುರುಮಾಡಿದ ದೊಡ್ಡ ಡಾಕ್ಟ್ರ ಮೇಜು. ಅಕ್ಕ ಕೆಲಸಕ್ಕೆ ಸೇರಿದ್ದು ಅಲ್ಲಿ. ದಿನಾ ಬ್ಯಾಡರಹಳ್ಳಿಯಿಂದ ಮಾಗಡಿ ರಸ್ತೆಯ ಬಸ್ಸು ಹಿಡಿದು ಬಂದು, ಗೇಟಿನ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟು, ಆಮೇಲೆ ಒಳಗೆ ಕಾಲಿಡುತ್ತಿದ್ದರಂತೆ. ‘ಆಸ್ಪತ್ರೆ ಮುಂದೆ ರಂಗೋಲಿ ಯಾಕಮ್ಮ?’ ಎಂದು ದೊಡ್ಡ ಡಾಕ್ಟ್ರು ಕೇಳಿದಾಗ, ‘ಮನೆ ಅನ್ಕೊಂಡಾದ್ರೂ ಒಳಗೆ ಬರ್ಲಿ ಸಾರ್, ಹೆದರ್ಕೊಂಡೇ ಬರ್ತಾರೆ ಪಾಪ’ ಎಂದರಂತೆ.

ಆಮೇಲೆ ವಿಜಯನಗರದಲ್ಲಿ ಮೂರು ಮಹಡಿ ಎದ್ದಿತು. ಬಸವೇಶ್ವರನಗರದಲ್ಲಿ ಹೆರಿಗೆಗೆಂದೇ ಒಂದು ಶಾಖೆ ಬಂತು. ಸ್ಕ್ಯಾನಿಂಗ್ ಬಂತು, ಡಯಾಲಿಸಿಸ್ ಬಂತು, ಗಾಜಿನ ಬಾಗಿಲುಗಳು ತಾವೇ ತೆರೆದುಕೊಳ್ಳತೊಡಗಿದವು. ಹೊಸ ಯಂತ್ರ ಬಂದಾಗಲೆಲ್ಲ ನಾವು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದೆವು. ಅಕ್ಕ ಮಾತ್ರ ಯಂತ್ರದ ಕಡೆ ನೋಡುತ್ತಲೇ ಇರಲಿಲ್ಲ. ಅದಿರುವ ಕೋಣೆಯ ಬಾಗಿಲ ಮುಂದೆ ನಿಂತು ಎರಡೂ ಕೈ ಅಗಲಿಸಿ ನೋಡಿ, ತಲೆಯಾಡಿಸಿ ಹೊರಟುಬಿಡುತ್ತಿದ್ದರು.

ಅವರ ಕೆಲಸ ಸ್ಟ್ರೆಚರ್ ಎಳೆಯುವುದು. ತಳ್ಳುವುದಲ್ಲ, ಎಳೆಯುವುದು. ತಳ್ಳುವ ಕೆಲಸವನ್ನು ಇನ್ನೊಬ್ಬ ಅಟೆಂಡರಿಗೆ ಬಿಟ್ಟು, ತಾವು ರೋಗಿಯ ಕಾಲಿನ ಕಡೆ ನಿಂತು, ರೋಗಿಯ ಮುಖ ನೋಡುತ್ತಾ ಹಿಂದು ಹಿಂದಕ್ಕೆ ನಡೆಯುತ್ತಿದ್ದರು. ಹೊಸದಾಗಿ ಬಂದ ನರ್ಸುಗಳು ‘ಅಕ್ಕ, ಬಿದ್ದುಬಿಡ್ತೀರ’ ಎಂದು ಕೂಗುತ್ತಿದ್ದರು. ಅವರು ಬೀಳುತ್ತಿರಲಿಲ್ಲ. ಎಲ್ಲಿ ಹನ್ನೆರಡು ಹೆಜ್ಜೆ, ಎಲ್ಲಿ ಎಡಕ್ಕೆ, ಎಲ್ಲಿ ನೆಲ ಒಂದು ಬೆರಳು ಎತ್ತರ, ಎಲ್ಲ ಅವರ ಬೆನ್ನಿಗೆ ಗೊತ್ತಿತ್ತು. ಯಾಕೆ ಹೀಗೆ ಎಂದು ನಾನೊಮ್ಮೆ ಕೇಳಿದ್ದೆ.

‘ನೀವು ಯಾವತ್ತಾದ್ರೂ ಸ್ಟ್ರೆಚರ್ ಮೇಲೆ ಮಲಗಿದೀರಾ ಸಾರ್?’

‘ಇಲ್ಲ ಅಕ್ಕ.’

‘ನಾನೂ ಮಲಗಿಲ್ಲ. ಆದ್ರೆ ಮಲಗಿದೋರ ಕಣ್ಣು ನೋಡಿದೀನಿ. ಮೇಲೆ ಒಂದಾದ್ಮೇಲೆ ಒಂದು ಟ್ಯೂಬ್‌ಲೈಟ್ ಓಡ್ತಾ ಇರುತ್ತೆ. ಎಲ್ಲಿಗೆ ಕರ್ಕೊಂಡು ಹೋಗ್ತಾ ಇದಾರೆ ಅಂತ ಗೊತ್ತಾಗಲ್ಲ. ಒಂದು ಮುಖ ಕಂಡ್ರೆ ಸಾಕು, ಜೀವ ಗಟ್ಟಿ ಹಿಡ್ಕೊಳುತ್ತೆ.’

ಕೈ ಅಗಲಿಸಿ ಅಳೆಯುವ ಚಟ ಅವರನ್ನು ಎಲ್ಲಿ ಹೋದರೂ ಬಿಡುತ್ತಿರಲಿಲ್ಲ. ಮದುವೆ ಛತ್ರಕ್ಕೆ ಹೋದರೆ ವಧೂವರರಿಗಿಂತ ಮೊದಲು ಮೆಟ್ಟಿಲು ನೋಡುತ್ತಿದ್ದರು. ಅತ್ತಿಗುಪ್ಪೆಯಲ್ಲಿ ಮೊದಲ ಸಲ ಮೆಟ್ರೊ ಹತ್ತಿದ ದಿನ ಬಾಗಿಲಲ್ಲೇ ನಿಂತು ಕೈ ಅಗಲಿಸಿದರು. ಹಿಂದಿನವರು ಬೈದುಕೊಂಡರು. ಅಕ್ಕ ನಗುತ್ತಾ, ‘ಇದು ಪರವಾಗಿಲ್ಲ, ಆರಾಮಾಗಿ ಹೋಗುತ್ತೆ’ ಎಂದರು. ನಾನು ಹೊಟ್ಟೆ ಬಟ್ಟೆ ಕಟ್ಟಿ ನಾಗರಬಾವಿಯ ಹತ್ತಿರ ಒಂದು ಪುಟ್ಟ ಮನೆ ಕಟ್ಟಿಸಿದ್ದೆ. ನಕ್ಷೆಯನ್ನು ನಾನೇ ಬರೆದಿದ್ದು ಎಂದು ಗೃಹಪ್ರವೇಶಕ್ಕೆ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅಕ್ಕ ಬಂದರು, ಮೆಟ್ಟಿಲು ಹತ್ತಿದರು, ಇಳಿದರು, ನನ್ನ ಹೆಂಡತಿಯ ಕೈಗೆ ತಾಂಬೂಲದ ತಟ್ಟೆ ಕೊಟ್ಟು ಹೇಳಿದರು: ‘ಮನೆ ಲಕ್ಷಣವಾಗಿದೆ ಕಣಮ್ಮ. ಸ್ಟ್ರೆಚರ್ ಮಾತ್ರ ತಿರುಗಲ್ಲ.’ ನನ್ನ ಹೆಂಡತಿ ಆ ಮಾತನ್ನು ಇವತ್ತಿಗೂ ಮರೆತಿಲ್ಲ. ಇಂಥ ದಿನ ಇಂಥ ಮಾತಾಡುತ್ತಾರಾ ಎಂದು ಆಗ ನನಗೂ ಮೈ ಉರಿಯಿತು.

ಆ ಮಾತಿನ ಹಿಂದೆ ಏನಿತ್ತು ಎನ್ನುವುದು ನನಗೆ ಗೊತ್ತಿರಬೇಕಿತ್ತು. ವಿಜಯನಗರದ ಆಸ್ಪತ್ರೆಯಲ್ಲಿ ಎಮರ್ಜೆನ್ಸಿಯಿಂದ ಲಿಫ್ಟಿಗೆ ಹೋಗುವ ಓಣಿಯಲ್ಲಿ ಒಂದು ತಿರುವಿದೆ. ಆ ತಿರುವಿನ ಮೂಲೆಯ ಗಾರೆ ಯಾವಾಗಲೂ ಒಡೆದಿರುತ್ತಿತ್ತು. ವರ್ಷಕ್ಕೆ ಎರಡು ಸಲ ಮೇಸ್ತ್ರಿಯನ್ನು ಕರೆಸಿ ಗಾರೆ ಮೆತ್ತಿಸುತ್ತಿದ್ದೆ. ಎರಡು ತಿಂಗಳಲ್ಲಿ ಮತ್ತೆ ಒಡೆಯುತ್ತಿತ್ತು. ಕೊನೆಗೆ ರೋಸಿಹೋಗಿ ಉದ್ದಕ್ಕೂ ಉಕ್ಕಿನ ಪಟ್ಟಿ ಹೊಡೆಸಿದೆ. ಗೋಡೆ ಉಳಿಯಿತು. ಆಮೇಲೆ ಅಕ್ಕನ ಬಲ ಮೊಣಕೈ ತರಚಿಹೋಗತೊಡಗಿತು. ಹಿಂದು ಹಿಂದಕ್ಕೆ ನಡೆಯುತ್ತಾ ತಿರುಗುವಾಗ ಸ್ಟ್ರೆಚರಿನ ಅಂಚೂ ಅವರ ಮೊಣಕೈಯೂ ತಾಗುತ್ತಿದ್ದದ್ದು ಅದೇ ಮೂಲೆಗೆ. ಅಲ್ಲಿ ಚರ್ಮ ಕಪ್ಪಗೆ ದಪ್ಪಗಾಗಿ ಹೋಗಿತ್ತು. ಗೋಡೆ ಒಡೆಯುತ್ತದೆ ಎಂದು ಪಟ್ಟಿ ಹೊಡೆಸಿದ ನಾನು, ಯಾಕೆ ಒಡೆಯುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಕೇಳದಿದ್ದರೂ, ಪಟ್ಟಿ ಹೊಡೆಸುವ ಮೊದಲೇ, ಹೇಳಲು ಅವರೇ ಒಮ್ಮೆ ಬಂದಿದ್ದರು. ಒಬ್ಬ ಆಟೊ ಚಾಲಕರನ್ನು ಎದೆನೋವೆಂದು ಕರೆತಂದಿದ್ದ ದಿನ. ಮೇಲಿನ ಐಸಿಯುಗೆ ಸಾಗಿಸುವಾಗ ಸ್ಟ್ರೆಚರು ಆ ತಿರುವಿನಲ್ಲಿ ಆಕ್ಸಿಜನ್ ಸಿಲಿಂಡರಿನ ಸಮೇತ ಸಿಕ್ಕಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕೊನೆಗೆ ನಾಲ್ಕು ಜನ ಸೇರಿ ಅವರನ್ನು ಬೆಡ್‌ಶೀಟಿನಲ್ಲಿ ಎತ್ತಿಕೊಂಡು ಹೋಗಬೇಕಾಯಿತು. ಎತ್ತುವಾಗ ಮೂಗಿನ ಕೊಳವೆ ಕಳಚಿತು. ಆ ಮನುಷ್ಯ ಬದುಕಿದರು, ಆಮೇಲೂ ಆಟೊ ಓಡಿಸಿದರು. ಮರುದಿನ ನಾನು ಎಂದಿನಂತೆ ಮೇಸ್ತ್ರಿಯ ಜೊತೆ ಮೂಲೆ ಸರಿಮಾಡಲು ಹೋದೆ. ಅಕ್ಕ ಹತ್ತಿರ ಬಂದು ಬಾಯಿ ತೆರೆದರು. ‘ಧೂಳು ಬರುತ್ತೆ ಅಕ್ಕ, ಸ್ವಲ್ಪ ಆ ಕಡೆ ಹೋಗಿ’ ಎಂದೆ. ಅವರು ಹೋದರು. ಆ ನನ್ನ ಮಾತು ನೆನಪಾದಾಗಲೆಲ್ಲ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ದೊಡ್ಡ ಡಾಕ್ಟ್ರು ತೀರಿಕೊಂಡು, ಅವರ ಮಗಳು ಆಸ್ಪತ್ರೆಯ ಹೊಣೆ ಹೊತ್ತರು. ಅವರೂ ಡಾಕ್ಟರೇ. ನಮಗೆಲ್ಲ ಮೇಡಂ, ಅಕ್ಕನಿಗೆ ಮಾತ್ರ ಪುಟ್ಟಿ. ರಾಜಾಜಿನಗರದ ನರ್ಸಿಂಗ್ ಹೋಮಿನ ಪಡಸಾಲೆಯಲ್ಲಿ ಕುಳಿತು ಹೋಂವರ್ಕ್ ಮಾಡುತ್ತಿದ್ದ ಹುಡುಗಿಗೆ ತಲೆ ಬಾಚಿ ಕಳಿಸುತ್ತಿದ್ದವರು ಅಕ್ಕ. ಮೇಡಂ ಕೆಂಗೇರಿ ಉಪನಗರದಲ್ಲಿ ನಮ್ಮ ಅತಿ ದೊಡ್ಡ ಶಾಖೆ ಕಟ್ಟಲು ಹೊರಟರು. ಮೈಸೂರು ರಸ್ತೆಯಲ್ಲಿ ಅಪಘಾತವಾದವರು, ಎದೆ ಹಿಡಿದುಕೊಂಡು ಬಂದವರು ಪೇಟೆಯ ತನಕ ಹೋಗುವ ಹಾಗಾಗಬಾರದು ಎಂಬುದು ಅವರ ಆಸೆ. ನೆಲಮಹಡಿಯಲ್ಲಿ ಎಮರ್ಜೆನ್ಸಿ, ಮೇಲೆ ಆಪರೇಷನ್ ಥಿಯೇಟರುಗಳು, ಐಸಿಯು. ಜೊತೆಗೆ ಬಾಗಿಲಲ್ಲೇ ಒಂದು ಚೆಂದದ ಕಾಫಿ ಕೌಂಟರ್. ಅದರ ಮೇಲೆ ಮೇಡಂಗೆ ವಿಪರೀತ ಮೋಹ. ‘ಆಸ್ಪತ್ರೆಗೆ ಬಂದ ತಕ್ಷಣ ಫಿನಾಯಿಲ್ ಬದಲು ಕಾಫಿ ವಾಸನೆ ಬರ್ಬೇಕು ಕಣ್ರೀ’ ಎನ್ನುತ್ತಿದ್ದರು.

ಆರ್ಕಿಟೆಕ್ಟ್ ಹೊರಗಿನವರು. ಒಳಗಿನ ಅಳತೆಗಳನ್ನು ಒದಗಿಸುವುದು ನನ್ನ ಕೆಲಸ. ನಾನು ಬುದ್ಧಿವಂತ ನೋಡಿ, ವಿಜಯನಗರದ ಎಮರ್ಜೆನ್ಸಿಯ ನಕ್ಷೆಯನ್ನೇ ತೆಗೆದುಕೊಟ್ಟೆ. ನಡೆಯುತ್ತಿರುವ ಆಸ್ಪತ್ರೆ, ಪರೀಕ್ಷೆಯಾದ ಅಳತೆ, ಇನ್ನೇನು ಬೇಕು? ಕಂಪನಿಯ ಪುಸ್ತಕ ತೆರೆದು ಸ್ಟ್ರೆಚರಿನ ಉದ್ದಗಲ ನೋಡಿಕೊಂಡು, ಓಣಿಯಲ್ಲಿ ಒಂದು ಸಣ್ಣ ಚೌಕಟ್ಟು ಬರೆದೆ. ಅದು ಕಾಗದದ ಮೇಲೆ ಚೆನ್ನಾಗಿಯೇ ತಿರುಗಿತು.

ಆ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ವಿಜಯನಗರದ ಕಚೇರಿಯ ಗೋಡೆಗೆ ಅಂಟಿಸಿದ್ದೆವು. ಬಂದವರೆಲ್ಲ ನೋಡಿ ಹೊಗಳುತ್ತಿದ್ದರು. ಒಂದು ಶುಕ್ರವಾರ ಮಧ್ಯಾಹ್ನ ಅಕ್ಕ ಅದರ ಮುಂದೆ ಬಹಳ ಹೊತ್ತು ನಿಂತಿದ್ದರು. ಆಮೇಲೆ ನನ್ನನ್ನು ಕರೆದರು.

‘ಇದು ಸ್ಟ್ರೆಚರಾ ಸಾರ್?’

‘ಹೌದು ಅಕ್ಕ.’

‘ಇದರ ಪಕ್ಕ ನಾನೆಲ್ಲಿ?’

‘ನಿಮ್ಮನ್ನ ಯಾಕೆ ಬರೀಬೇಕು? ಇದು ಪ್ಲಾನು.’

‘ಸಿಸ್ಟರ್ ಎಲ್ಲಿ? ಡ್ರಿಪ್ ಸ್ಟ್ಯಾಂಡ್ ಎಲ್ಲಿ? ತಲೆ ಹತ್ರ ಉಸಿರಿನ ಚೀಲ ಒತ್ತೋ ಡಾಕ್ಟ್ರು ಎಲ್ಲಿ? ಅವರವ್ವನೋ ಹೆಂಡ್ತಿನೋ ಕೈ ಹಿಡ್ಕೊಂಡು ಓಡ್ತಾ ಬರ್ತಾಳಲ್ಲ, ಬಾ ಅಂದ್ರೂ ಬರ್ತಾಳೆ ಬೇಡ ಅಂದ್ರೂ ಬರ್ತಾಳೆ, ಅವಳೆಲ್ಲಿ? ಬರೀ ಮಂಚ ಹೋಗುತ್ತಾ ಸಾರ್ ಲಿಫ್ಟಿಗೆ?’

ನಾನು ನಕ್ಕೆ. ಆರ್ಕಿಟೆಕ್ಟ್ ನೋಡಿದ್ದಾರೆ, ಮೇಡಂ ಸಹಿ ಹಾಕಿದ್ದಾರೆ, ತಿರುವಿನ ಗೋಡೆಗೆ ಬೇಕಾದ ಕಂಬಿ ಸೈಟಿಗೆ ಬಂದು ಇಳಿದಿದೆ, ಸೋಮವಾರ ಬೆಳಿಗ್ಗೆ ಕೆಲಸ ಶುರು ಎಂದೆ. ಅಷ್ಟಕ್ಕೂ ತೊಂದರೆ ಬಂದರೆ ಸ್ವಲ್ಪ ಸಣ್ಣ ಸ್ಟ್ರೆಚರ್ ತರಿಸಬಹುದು ಎಂದೂ ಸೇರಿಸಿದೆ.

‘ಸ್ಟ್ರೆಚರ್ ಸಣ್ಣದು ತರಿಸ್ತೀರ. ರೋಗಿನೂ ಸಣ್ಣದು ತರಿಸ್ತೀರಾ?’ ಎಂದರು. ಆಮೇಲೆ ರವಿಕೆಯ ತೋಳು ಸರಿಸಿ ಮೊಣಕೈ ತೋರಿಸಿದರು. ‘ಇದು ನೀವು ಹೊಡೆಸಿದ ಪಟ್ಟಿ. ನಂದು ಬಿಡಿ, ಚರ್ಮ. ಆ ಆಟೊದೋರಿಗೆ ಆವತ್ತು ದೇವರು ಕಣ್ಣು ಬಿಟ್ಟ. ಪ್ರತಿಸಲ ದೇವರೇ ಕಣ್ಣು ಬಿಡ್ಲಿ ಅಂತ ನಾವು ಯಾಕೆ ಕಾಯ್ಬೇಕು? ಗೋಡೆ ಇನ್ನೂ ಎದ್ದಿಲ್ವಲ್ಲ.’

ನನ್ನ ನಗು ನಿಂತಿತು. ಆದರೂ ಸೋಲೊಪ್ಪಿಕೊಳ್ಳುವ ಜಾತಿ ನನ್ನದಲ್ಲ. ಅಳತೆ ಎಂದರೆ ಅಳತೆ ಅಕ್ಕ, ಬಾಯಿಮಾತಿಗೆ ಗೋಡೆ ಸರಿಯುವುದಿಲ್ಲ ಎಂದೆ.

‘ಸರಿ ಹಾಗಾದ್ರೆ. ಭಾನುವಾರ ಹನ್ನೊಂದು ಗಂಟೆಗೆ ಟೇಪು ತಗೊಂಡು ಸೈಟಿಗೆ ಬನ್ನಿ. ನಿಮ್ ಅಳತೇನೇ ಅಳೆಯೋಣ’ ಎಂದು ಹೊರಟುಹೋದರು.

ಭಾನುವಾರ ಗೊಣಗಿಕೊಂಡೇ ಹೋದೆ. ಕೆಂಗೇರಿಯ ನೆಲಮಹಡಿಯ ನೆಲ ಅಷ್ಟೇ ಸಿದ್ಧವಾಗಿತ್ತು. ಕಂಬಗಳು ನಿಂತಿದ್ದವು, ಗೋಡೆಗಳಿರಲಿಲ್ಲ. ಅಕ್ಕ ಒಂದು ಪ್ಲಾಸ್ಟಿಕ್ ಬಕೆಟ್ಟಿನ ತುಂಬ ರಂಗೋಲಿ ಪುಡಿ ತಂದಿದ್ದರು. ವಿಜಯನಗರದಿಂದ ಆಂಬುಲೆನ್ಸಿನಲ್ಲಿ ಸ್ಟ್ರೆಚರು, ಡ್ರಿಪ್ ಸ್ಟ್ಯಾಂಡು, ಖಾಲಿ ಸಿಲಿಂಡರು ಬಂದಿದ್ದವು. ರಜೆಯಲ್ಲಿದ್ದ ಒಬ್ಬ ಸಿಸ್ಟರ್, ಒಬ್ಬ ಅಟೆಂಡರ್, ಆಂಬುಲೆನ್ಸ್ ಚಾಲಕ, ಎಲ್ಲರನ್ನೂ ಎಳೆದುಕೊಂಡು ಬಂದಿದ್ದರು. ಮೂಲೆಯಲ್ಲಿ ಮೇಡಂ ನಿಂತಿದ್ದರು. ‘ಅರ್ಧ ಗಂಟೆ ಬಾ ಪುಟ್ಟಿ ಅಂದ್ರು, ಬಂದೆ. ಏನು ಅಂತ ನಂಗೂ ಗೊತ್ತಿಲ್ಲ’ ಎಂದರು ನನಗೆ.

‘ನೀವು ಅಳೀತಾ ಹೋಗಿ ಸಾರ್, ನಾನು ಗೆರೆ ಬಿಡ್ತೀನಿ’ ಎಂದರು ಅಕ್ಕ.

ನಾನು ನಕ್ಷೆ ನೋಡಿ ಟೇಪು ಹಿಡಿದೆ, ಸೈಟಿನಲ್ಲಿದ್ದ ಮೇಸ್ತ್ರಿ ಇನ್ನೊಂದು ತುದಿ ಹಿಡಿದ. ಅಕ್ಕ ಬಗ್ಗಿ ಹೆಬ್ಬೆರಳು ತೋರುಬೆರಳ ನಡುವಿನಿಂದ ಪುಡಿ ಬಿಡುತ್ತಾ ಹೋದರು. ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗಿನ ಗೆರೆ. ಇದು ಎಮರ್ಜೆನ್ಸಿಯ ಬಾಗಿಲು, ಇದು ಓಣಿ, ಇದು ತಿರುವು, ತಿರುವಿನ ಮೂಲೆಗೆ ಅಂಟಿಕೊಂಡೇ ಕಾಫಿ ಕೌಂಟರ್, ಇದು ಲಿಫ್ಟು. ಅರ್ಧ ಗಂಟೆಯಲ್ಲಿ ನನ್ನ ನಕ್ಷೆ ನಿಜವಾದ ಅಳತೆಯಲ್ಲಿ ನೆಲದ ಮೇಲೆ ಬಿದ್ದಿತ್ತು. ಒಂದು ಅಂಗುಲ ಹೆಚ್ಚಿಲ್ಲ, ಒಂದು ಅಂಗುಲ ಕಡಿಮೆಯಿಲ್ಲ. ಅಳೆದವನು ನಾನೇ ಆದ್ದರಿಂದ ಜಗಳ ತೆಗೆಯುವ ದಾರಿಯೂ ಇರಲಿಲ್ಲ.

ಮೇಸ್ತ್ರಿಯನ್ನು ಸ್ಟ್ರೆಚರಿನ ಮೇಲೆ ಮಲಗಿಸಿದರು. ಅವನಿಗೋ ಸಂಕೋಚ, ಸಿಮೆಂಟು ಮೆತ್ತಿದ ಕಾಲು ಮಡಚಿಕೊಂಡ. ‘ಕಾಲು ಚಾಚಪ್ಪ, ನಿಂಗೆ ಹಾರ್ಟ್ ಅಟ್ಯಾಕ್ ಆಗಿದೆ’ ಎಂದರು ಅಕ್ಕ. ಸಿಸ್ಟರ್ ಡ್ರಿಪ್ ಸ್ಟ್ಯಾಂಡ್ ಹಿಡಿದರು. ಅಟೆಂಡರ್ ಹಿಂದಿನಿಂದ ತಳ್ಳಲು ನಿಂತ. ಆಂಬುಲೆನ್ಸ್ ಚಾಲಕ ಸಿಲಿಂಡರು ಹಿಡಿದ.

‘ಪುಟ್ಟಿ, ನೀನು ಡಾಕ್ಟ್ರು. ತಲೆ ಹತ್ರ ನಿಂತ್ಕೊ, ಚೀಲ ಒತ್ತು. ಸಾರ್, ನೀವು ಇವನ ಹೆಂಡ್ತಿ. ಕೈ ಹಿಡ್ಕೊಂಡು ಅಳ್ತಾ ಬನ್ನಿ.’

ಎಲ್ಲರೂ ನಕ್ಕರು. ನಾನು ಮೇಸ್ತ್ರಿಯ ಕೈ ಹಿಡಿದುಕೊಂಡೆ.

‘ಎಲ್ರೂ ಕೇಳಿ. ಗೆರೆ ಅಂದ್ರೆ ಗೋಡೆ. ಯಾರೂ ದಾಟ್ಬಾರ್ದು. ಓಡಿ!’

ಓಡಿದೆವು. ನೇರ ಓಣಿಯಲ್ಲಿ ಚೆನ್ನಾಗಿಯೇ ಹೋದೆವು. ತಿರುವು ಬಂತು. ಅಕ್ಕ ಬೆನ್ನು ಹಾಕಿಕೊಂಡೇ ಒಳಗೆ ತಿರುಗಿದರು. ಸ್ಟ್ರೆಚರಿನ ಬಾಲ ಹೊರಗೆ ಬೀಸಿತು. ಸಿಸ್ಟರ್ ಒಂದು ಹೆಜ್ಜೆ ಆಚೆ ಇಟ್ಟರು, ನಾನು ಮೇಸ್ತ್ರಿಯ ಕೈ ಬಿಟ್ಟು ಹಾರಿದೆ, ಮೇಡಂ ಚೀಲ ಒತ್ತುತ್ತಾ ಪಕ್ಕಕ್ಕೆ ಸರಿದರು. ‘ನಿಲ್ಲಿ!’ ಎಂದರು ಅಕ್ಕ. ನೋಡಿದರೆ ಮೂಲೆಯ ರಂಗೋಲಿ ಅಳಿಸಿಹೋಗಿದೆ.

ಅಭ್ಯಾಸ ಇಲ್ಲ, ಅದಕ್ಕೇ ಹೀಗಾಯಿತು ಎಂದೆ. ಅಕ್ಕ ಬಗ್ಗಿ ಮತ್ತೆ ಗೆರೆ ಬಿಟ್ಟರು. ಎರಡನೆಯ ಸಲ ನಿಧಾನವಾಗಿ ಹೋದೆವು. ಅದೇ ಜಾಗದಲ್ಲಿ ಅಳಿಸಿತು. ಮೂರನೆಯ ಸಲ ನಾನು ಹೆಂಡತಿಯ ಪಾತ್ರ ಬಿಟ್ಟು ದೂರ ನಿಂತು, ಎಲ್ಲರಿಗೂ ಹೇಗೆ ತಿರುಗಬೇಕೆಂದು ಕೂಗಿ ಕೂಗಿ ಹೇಳಿಕೊಟ್ಟೆ. ಅಷ್ಟೆಲ್ಲ ಹೇಳಿಕೊಟ್ಟರೂ ಮೂಲೆ ಅಳಿಸಿತು.

ಮೇಡಂ ನಿಂತಲ್ಲೇ ತಲೆ ತಗ್ಗಿಸಿ ನೋಡಿಕೊಂಡರು. ಅವರ ಕಪ್ಪು ಬೂಟುಗಳ ಮೇಲೆಲ್ಲ ಬಿಳಿ ಪುಡಿ. ಅವರ ಒಂದು ಕಾಲು ಓಣಿಯಲ್ಲಿತ್ತು, ಇನ್ನೊಂದು ಕಾಲು ಕಾಫಿ ಕೌಂಟರಿನೊಳಗೆ.

‘ನಾನು ಗೋಡೆ ಒಳಗೆ ನಿಂತಿದೀನಿ’ ಎಂದರು.

‘ಇಲ್ಲಿ ಸರಿ, ರಂಗೋಲಿ. ಅಲ್ಲಿ ವಿಜಯನಗರದಲ್ಲಿ ಗೋಡೆ ಒಳಗೆ ನಿಂತ್ಕೊಳೋಕೆ ಆಗಲ್ಲ ಕಣೇ. ಅದಕ್ಕೇ ಅಲ್ಲಿ ಡಾಕ್ಟ್ರು ತಿರುವಲ್ಲಿ ಚೀಲ ಬಿಟ್ಟುಬಿಡ್ತಾರೆ. ಆಚೆ ಹೋದ್ಮೇಲೆ ಮತ್ತೆ ಹಿಡ್ಕೋತಾರೆ. ಅಷ್ಟೊತ್ತು ಉಸಿರು ಯಾರು ಕೊಡ್ತಾರೆ?’ ಎಂದರು ಅಕ್ಕ.

ಮೇಸ್ತ್ರಿ ಮಲಗಿದಲ್ಲಿಂದಲೇ, ‘ಅಮ್ಮಾ, ನಾನು ಏಳ್ಬಹುದಾ?’ ಎಂದ.

ಮೇಡಂ ಬೂಟು ಕೊಡವಲಿಲ್ಲ. ನನ್ನ ಕಡೆ ತಿರುಗಿ, ‘ಕಾಫಿ ಕೌಂಟರ್ ತೆಗೀರಿ’ ಎಂದರು. ಆರ್ಕಿಟೆಕ್ಟ್ ಒಪ್ಪುವುದಿಲ್ಲ ಮೇಡಂ ಎಂದೆ. ‘ಅವರನ್ನೂ ಕರೀರಿ. ಅವರು ಹೆಂಡ್ತಿ ಪಾತ್ರ ಮಾಡ್ಲಿ’ ಎಂದರು. ಸೋಮವಾರ ಕೆಲಸ ನಿಂತಿತು. ಆರ್ಕಿಟೆಕ್ಟ್ ಸಿಟ್ಟಿನಿಂದಲೇ ಬಂದರು. ಅಕ್ಕ ಅವರನ್ನು ಸ್ಟ್ರೆಚರಿನ ಪಕ್ಕದಲ್ಲಿ ಎರಡು ಸಲ ಓಡಿಸಿದರು. ಮೂರನೆಯ ಸಲ ಓಡುವ ಮೊದಲೇ ಆ ಮನುಷ್ಯ ಜೇಬಿನಿಂದ ಪೆನ್ಸಿಲ್ ತೆಗೆದು, ಗೋಡೆ ಎಲ್ಲಿಗೆ ಸರಿಯಬೇಕು ನೀವೇ ಹೇಳಿ ಎಂದು ಅಕ್ಕನ ಮುಂದೆ ನಕ್ಷೆ ಹಿಡಿದರು. ಅಕ್ಕ ನಕ್ಷೆ ಮುಟ್ಟಲಿಲ್ಲ. ನೆಲದ ಮೇಲೆ ಹೊಸ ಗೆರೆ ಬಿಟ್ಟರು. ಚೂಪು ಮೂಲೆಯ ಬದಲು ಬಳ್ಳಿ ಬಾಗಿದ ಹಾಗೆ ಬಾಗಿದ ಗೆರೆ. ಅದರ ಮೇಲೆ ನಾವು ಏಳು ಜನ ಓಡಿದೆವು. ಒಂದು ಕಾಳು ಪುಡಿಯೂ ಅಲುಗಲಿಲ್ಲ. ಆ ಬಾಗಿದ ಗೆರೆಯ ಮೇಲೆಯೇ ಗೋಡೆ ಎದ್ದಿತು.

ಆಸ್ಪತ್ರೆ ತೆರೆದ ಮೊದಲ ವಾರದ ಒಂದು ಬೆಳಿಗ್ಗೆ ನಾನು ಓಣಿಯಲ್ಲಿ ಬೋರ್ಡು ಹೊಡೆಸುತ್ತಿದ್ದೆ. ಬಾಗಿಲು ತೆರೆಯಿತು. ಊಟ ತಲುಪಿಸುವ ಹುಡುಗರ ಅಂಗಿ ಹಾಕಿದ್ದ ಒಬ್ಬ ಯುವಕ, ಬಾದಾಮಿ ಕಡೆಯವನಂತೆ, ಮೈಸೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಬಂದಿದ್ದ. ಸ್ಟ್ರೆಚರಿನ ಸುತ್ತ ಡಾಕ್ಟರು, ಸಿಸ್ಟರು, ಸಿಲಿಂಡರು, ಅಳುತ್ತಿದ್ದ ಅವನ ಗೆಳೆಯರಿಬ್ಬರು. ಮುಂದೆ ಬೆನ್ನು ಹಾಕಿಕೊಂಡು ಅಕ್ಕ. ನಾನು ಗೋಡೆಗೆ ಅಂಟಿ ನಿಂತೆ. ಆ ಇಡೀ ಗುಂಪು ತಿರುವಿಗೆ ಬಂತು, ತಿರುಗಿತು, ಹೋಯಿತು. ಯಾರೂ ಹೆಜ್ಜೆ ತಪ್ಪಿಸಲಿಲ್ಲ. ಡಾಕ್ಟರ ಕೈ ಚೀಲದ ಮೇಲೆ ಇದ್ದಂತೆಯೇ ಇತ್ತು. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ನಾನು ಆ ಗೋಡೆಯನ್ನು ಕೈಯಿಂದ ತಡವಿ ನೋಡಿದೆ. ಹೇಳಲು ಸಂಕೋಚವೇನಿಲ್ಲ, ಕಣ್ಣಲ್ಲಿ ನೀರು ಬಂತು.

ಆ ಹುಡುಗ ಉಳಿದುಕೊಂಡ. ಮನೆಗೆ ಹೋಗುವ ದಿನ ತಾಯಿಯ ಹೆಗಲ ಮೇಲೆ ಕೈಹಾಕಿಕೊಂಡು ಕುಂಟುತ್ತಾ ಬಂದು ಅಕ್ಕನ ಮುಂದೆ ನಿಂತ. ‘ನಂಗ ಬ್ಯಾರೆ ಏನೂ ನೆನಪಿಲ್ರಿ. ಈ ಆಯಿ ಮಾರಿ ಒಂದ ನೆನಪೈತಿ’ ಎಂದು ಅಕ್ಕನ ಮುಖವನ್ನೇ ನೋಡಿದ. ಅವನ ತಾಯಿ ಅಕ್ಕನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ಅಕ್ಕ ಕೈ ಬಿಡಿಸಿಕೊಂಡು, ‘ಆಯ್ತು ಕಣವ್ವ, ಹುಷಾರಾಗಿ ಗಾಡಿ ಓಡ್ಸು ಅಂತ ಹೇಳು ಇವನಿಗೆ’ ಎಂದು ಗದರಿದರು.

ಆಮೇಲೆ ನಮ್ಮಲ್ಲಿ ಅದೇ ಪದ್ಧತಿಯಾಯಿತು. ಯಾವ ಶಾಖೆಯಲ್ಲಾದರೂ ಒಂದು ಗೋಡೆ ಎಬ್ಬಿಸಬೇಕಾದರೆ ಮೊದಲು ನೆಲದ ಮೇಲೆ ರಂಗೋಲಿ ಬೀಳಬೇಕು. ಅದರ ಮೇಲೆ ಆಯಾಗಳು, ಸಿಸ್ಟರುಗಳು, ಡಾಕ್ಟರುಗಳು ಓಡಬೇಕು. ಗೆರೆ ಅಳಿಸಿದರೆ ನಕ್ಷೆ ವಾಪಸ್. ಬಸವೇಶ್ವರನಗರದ ಹೆರಿಗೆ ವಾರ್ಡು ಹೀಗೆಯೇ ಅಗಲವಾಯಿತು. ವಿಜಯನಗರದ ಆ ಹಳೆಯ ಮೂಲೆಯನ್ನು, ನನ್ನ ಉಕ್ಕಿನ ಪಟ್ಟಿಯ ಸಮೇತ, ಒಡೆದು ಹಾಕಿದೆವು. ಮೊದಲ ಪೆಟ್ಟು ಅಕ್ಕನದೇ ಆಗಬೇಕೆಂದು ಸುತ್ತಿಗೆ ಕೊಟ್ಟೆ. ‘ಇಷ್ಟು ವರ್ಷ ಅದು ನಂಗೆ ಹೊಡೀತು, ಈಗ ನಾನು’ ಎಂದು ಎತ್ತಿ ಹೊಡೆದರು. ಈಗ ನಾನು ಬರೆಯುವ ನಕ್ಷೆಗಳಲ್ಲಿ ಪ್ರತಿ ಸ್ಟ್ರೆಚರಿನ ಸುತ್ತ ಏಳು ಸೊನ್ನೆಗಳಿರುತ್ತವೆ. ಒಂದು ಅಕ್ಕ, ಒಂದು ಅಟೆಂಡರ್, ಒಂದು ಡಾಕ್ಟರು, ಒಂದು ಸಿಸ್ಟರು, ಒಂದು ಸಿಲಿಂಡರಿನವರು, ಎರಡು ಅಳುವವರು.

ಇನ್ನು ಆ ನಿವೃತ್ತಿಯ ದಿನ. ಶಾಲು ಹೊದಿಸಿ ಆಯಿತು, ಬುಟ್ಟಿ ಕೊಟ್ಟಾಯಿತು. ಮೇಡಂ ಮಾತಾಡಲು ನಿಂತವರು ನಾಲ್ಕು ವಾಕ್ಯಕ್ಕೇ ಮುಗಿಸಿ ಕುಳಿತರು. ನಿಮಗೇನು ಬೇಕು ಕೇಳಿ ಅಕ್ಕ ಎಂದು ಎಲ್ಲರೂ ಒತ್ತಾಯಿಸಿದೆವು. ಅವರು ಶಾಲಿನ ಅಂಚು ಮಡಚಿದರು.

‘ಇಷ್ಟು ವರ್ಷದಲ್ಲಿ ನಾನು ಒಂದ್ಸಲನೂ ಅದರ ಮೇಲೆ ಮಲಗಿಲ್ಲ. ಮೈಯಲ್ಲಿ ಆರೋಗ್ಯ ಇರೋವಾಗ್ಲೇ ಒಂದ್ಸಲ ಮಲಗಿ ನೋಡ್ಬೇಕು’ ಎಂದರು.

ಹೋ ಎಂದು ಕೂಗು ಎದ್ದಿತು. ಸ್ಟ್ರೆಚರು ಬಂತು. ಅಕ್ಕ ಚಪ್ಪಲಿ ಬಿಟ್ಟು, ಶಾಲು ಹೊದ್ದುಕೊಂಡೇ ಮಲಗಿದರು. ಮೇಡಂ ತಲೆಯ ಹತ್ತಿರ ನಿಂತರು. ನಿವೃತ್ತ ಸರ್ಜನ್ ಖಾರಾಬಾತಿನ ತಟ್ಟೆ ಕೆಳಗಿಟ್ಟು ಬಂದು ಡ್ರಿಪ್ ಸ್ಟ್ಯಾಂಡ್ ಹಿಡಿದರು. ಎಳೆಯುವವರು ಯಾರು ಎಂಬ ಪ್ರಶ್ನೆ ಬಂದಾಗ ಅಕ್ಕ ಮಲಗಿದಲ್ಲಿಂದಲೇ ನನ್ನ ಕಡೆ ಬೆರಳು ಮಾಡಿದರು.

ನಾನು ಅವರ ಕಾಲಿನ ಕಡೆ ನಿಂತು, ಅವರ ಮುಖ ನೋಡುತ್ತಾ ಹಿಂದು ಹಿಂದಕ್ಕೆ ಹೆಜ್ಜೆ ಹಾಕಿದೆ. ಕಟ್ಟಿದವನು ನಾನು, ಆದರೂ ನನ್ನ ಬೆನ್ನಿಗೆ ಏನೂ ಗೊತ್ತಿರಲಿಲ್ಲ. ಎರಡು ಹೆಜ್ಜೆಗೊಮ್ಮೆ ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದೆ. ‘ಹೆದರ್ಬೇಡ ಕಣಪ್ಪ’ ಎಂದರು ಅಕ್ಕ. ಅಲ್ಲಿಯವರೆಗೆ ಅವರು ನನ್ನನ್ನು ಸಾರ್ ಅನ್ನದೆ ಮಾತಾಡಿಸಿದ್ದಿಲ್ಲ. ‘ಇನ್ನು ಆರು ಹೆಜ್ಜೆ. ಐದು. ನಾಲ್ಕು. ಈಗ ಎಡಕ್ಕೆ, ನಿಧಾನ.’

ತಿರುವಿಗೆ ಬಂದೆವು. ಅಕ್ಕ ಶಾಲಿನೊಳಗಿಂದ ಎರಡೂ ಕೈ ಹೊರತೆಗೆದು ಆಚೆ ಈಚೆ ಪೂರ್ತಿ ಚಾಚಿದರು. ಕಪ್ಪಗಾದ ಆ ಮೊಣಕೈ ಗೋಡೆಯ ಕಡೆಗಿತ್ತು. ಹಿಂದೆ ಓಣಿಯ ತುಂಬ ಜನ ಕತ್ತು ಚಾಚಿ ನೋಡುತ್ತಿದ್ದರು. ಬಾಗಿದ ಗೋಡೆಯ ಗುಂಟ ಅವರ ಬೆರಳುಗಳು ಗಾಳಿಯಲ್ಲಿ ತೇಲುತ್ತಾ ಹೋದವು. ನಾವೆಲ್ಲ ತಿರುಗಿ, ಲಿಫ್ಟಿನ ಮುಂದೆ ನಿಂತೆವು.

‘ಎಲ್ಲೂ ತಾಗಲಿಲ್ಲ’ ಎಂದರು ಅಕ್ಕ.

ಚಪ್ಪಾಳೆಗೆ ಆಸ್ಪತ್ರೆಯೇ ಅಲುಗಿತು. ಮೇಡಂ ಬಾಗಿ ಅವರ ಹಣೆಯ ಮೇಲೆ ಕೈಯಿಟ್ಟು, ‘ಇಳೀತೀರಾ ಅಕ್ಕ?’ ಎಂದು ಕೇಳಿದರು.

ಅಕ್ಕ ಇಳಿಯಲಿಲ್ಲ. ಶಾಲು ಸರಿಮಾಡಿಕೊಂಡು, ತಲೆಯ ಕೆಳಗೆ ಕೈಯಿಟ್ಟುಕೊಂಡು ಆರಾಮಾಗಿ ಮಲಗಿ ನನ್ನನ್ನು ನೋಡಿ ನಕ್ಕರು.

‘ಇನ್ನೊಂದು ಸುತ್ತು ಹೋಗೋಣ ನಡಿಯಪ್ಪ. ಈ ಸಲ ಓಡು.’